ಗುಣವಾದ ಮೇಲೆ ಯಾಕೆ ಮರೆಯುತ್ತೇವೆ?

ಈ ಸಲ ಬಂದ ಪತ್ರಗಳಲ್ಲಿ ಔಷಧಿಯ ಬಗ್ಗೆ ಕೇಳಿದವರು ಕಡಿಮೆ. ಆರೋಗ್ಯ ಸರಿಯಿದ್ದಾಗ ಅದರ ಬೆಲೆ ಯಾಕೆ ತಿಳಿಯುವುದಿಲ್ಲ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳಿದವರೇ ಜಾಸ್ತಿ. ಹಾಗಾಗಿ ಮಂಡಿನೋವು, ಗ್ಯಾಸ್ಟ್ರಿಕ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ಕಳೆದ ಮಳೆಗಾಲದಲ್ಲಿ ನನಗೆ ಡೆಂಗಿ ಆಯಿತು. ಮೈಕೈ ನೋವು, ಕಣ್ಣಿನ ಹಿಂದೆ ನೋವು, ನೀರು ಕುಡಿದರೂ ಕಹಿ. ಒಮ್ಮೆ ಎದ್ದು ಮನೆಗೆ ಹೋಗಿ ಗಂಜಿ, ಉಪ್ಪಿನಕಾಯಿ ರುಚಿಯಾಗಿ ಉಂಡರೆ ಸಾಕು, ಇನ್ನು ಯಾವುದಕ್ಕೂ ಗೊಣಗುವುದಿಲ್ಲ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ದೇವರಿಗೆ ಹೇಳಿಕೊಂಡಿದ್ದೆ. ಗುಣವಾಗಿ ಎರಡು ತಿಂಗಳಾಗಿರಲಿಲ್ಲ, ಮತ್ತೆ ಮೊದಲಿನ ಹಾಗೇ ಆದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಸಿಟ್ಟು, ಬಸ್ಸು ತಡವಾದರೆ ಸಿಟ್ಟು. ನಾನು ಉಪಕಾರ ಮರೆಯುವ ಜಾತಿಯವಳಾ?
– ಗೃಹಿಣಿ, ಕಟಪಾಡಿ

ಉತ್ತರ: ಅಲ್ಲಮ್ಮ, ಖಂಡಿತ ಅಲ್ಲ. ನಮ್ಮ ನರಗಳು ಕೆಲಸ ಮಾಡುವ ರೀತಿಯೇ ಹಾಗೆ. ಏನಾದರೂ ಬದಲಾದರೆ ಅವು ಮಿದುಳಿಗೆ ಜೋರಾಗಿ ಸುದ್ದಿ ಮುಟ್ಟಿಸುತ್ತವೆ. ಇದ್ದದ್ದು ಇದ್ದ ಹಾಗೇ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತವೆ. ಮಲ್ಪೆ ಬಂದರಿಗೆ ಕಾಲಿಟ್ಟ ಕೂಡಲೇ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಅಲ್ವಾ? ಸ್ವಲ್ಪ ಹೊತ್ತು ಅಲ್ಲೇ ನಿಂತರೆ ವಾಸನೆ ಇದೆ ಎಂಬುದೇ ಮರೆತುಹೋಗುತ್ತದೆ. ಕೈಯಲ್ಲಿರುವ ಬಳೆ ಹಾಕಿಕೊಂಡ ದಿನ ಗೊತ್ತಾಗುತ್ತದೆ, ಆಮೇಲೆ ಇಲ್ಲ. ಕಣ್ಣಿನದು ಇನ್ನೂ ಆಶ್ಚರ್ಯ. ಒಂದೇ ಕಡೆ ದಿಟ್ಟಿಸಿ ನೋಡುತ್ತಿದ್ದೇವೆ ಅಂದುಕೊಂಡಾಗಲೂ ಕಣ್ಣುಗುಡ್ಡೆ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಈ ಅಲುಗಾಟವನ್ನು ಉಪಕರಣದಿಂದ ಸರಿದೂಗಿಸಿ, ನೋಡುವ ಚಿತ್ರ ಕಣ್ಣಿನೊಳಗೆ ಒಂದೇ ಜಾಗದಲ್ಲಿ ಬೀಳುವಂತೆ ಮಾಡಿದರೆ ಕೆಲವೇ ಸೆಕೆಂಡುಗಳಲ್ಲಿ ಆ ಚಿತ್ರ ಮಾಯವಾಗುತ್ತದೆ. ಎದುರಿಗೇ ಇದ್ದರೂ ಕಾಣುವುದಿಲ್ಲ.

ಆರೋಗ್ಯದ್ದೂ ಇದೇ. ನಿಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ರಕ್ತಕ್ಕೇ ಕಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಹಾಕುತ್ತವೆ. ಇದೆಲ್ಲ ಕ್ಷಣ ಕ್ಷಣವೂ ಗಮನಕ್ಕೆ ಬರುತ್ತಿದ್ದರೆ ಅನ್ನಕ್ಕೆ ನೀರಿಡಲಿಕ್ಕೂ ಆಗುತ್ತಿರಲಿಲ್ಲ. ದೇಹ ಸದ್ದಿಲ್ಲದೆ ದುಡಿಯುವುದರಿಂದಲೇ ನಮಗೆ ಸಾರಿನ ಉಪ್ಪಿನ ಬಗ್ಗೆ ಯೋಚಿಸಲು ಪುರುಸೊತ್ತು ಸಿಗುವುದು.

ಮನಸ್ಸೂ ಹೀಗೇ ನಡೆಯುತ್ತದೆ ಎಂದು ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲೇ ಬರೆದಿದ್ದಾರೆ. ಒಳ್ಳೆಯದಾಗಲಿ, ಕೆಟ್ಟದ್ದಾಗಲಿ, ಕೆಲವು ಕಾಲದ ಮೇಲೆ ನಾವು ಅದಕ್ಕೆ ಒಗ್ಗಿಕೊಂಡು ಮೊದಲಿನ ಮಟ್ಟಕ್ಕೆ ಬಂದುಬಿಡುತ್ತೇವೆ ಎಂಬುದು ಅವರ ಮಾತಿನ ಸಾರ. ಇದನ್ನು ಬರೀ ದೋಷ ಅಂದುಕೊಳ್ಳಬೇಡಿ. ಡೆಂಗಿಯ ಆ ಸಂಕಟವೂ ಈಗ ನಿಮಗೆ ಮೊದಲಿನಷ್ಟು ನೆನಪಾಗುವುದಿಲ್ಲ ತಾನೆ? ಸಂತೋಷವನ್ನು ಮರೆಸುವ ಶಕ್ತಿಯೇ ನೋವನ್ನೂ ಮರೆಸುತ್ತದೆ. ಅದು ಇಲ್ಲದಿದ್ದರೆ ಒಂದು ದೊಡ್ಡ ಕಾಯಿಲೆ ಕಂಡವರು ಮತ್ತೆ ಎದ್ದು ನಡೆಯುವುದು ಕಷ್ಟವಿತ್ತು.

ಹಾಗಾದರೆ ದೇವರಿಗೆ ಕೊಟ್ಟ ಮಾತು? ಸದಾ ಸಂತೋಷವಾಗಿರುತ್ತೇನೆ ಎಂಬ ಮಾತನ್ನು ಯಾರಿಂದಲೂ ಉಳಿಸಿಕೊಳ್ಳಲು ಆಗದು. ಮನಸ್ಸಿನ ಭಾವನೆ ನಮ್ಮ ಮಾತು ಕೇಳುವುದಿಲ್ಲ, ಕೈಕಾಲು ಕೇಳುತ್ತದೆ. ಹಾಗಾಗಿ ಆ ಮಾತನ್ನು ಒಂದು ಕೆಲಸವಾಗಿ ಬದಲಾಯಿಸಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಅಲ್ಲ, ನಿಂತ ಸ್ವಚ್ಛ ನೀರಿನಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಕಡೆಯ ಹಿತ್ತಿಲಿನಲ್ಲಿ ಅದಕ್ಕೆ ಬೇಕಾದ್ದೆಲ್ಲ ಇದೆ: ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕುಡಿದು ಬಿಸಾಡಿದ ಬೊಂಡ (ಎಳನೀರಿನ ಕಾಯಿ), ಹಳೇ ಟೈರು, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ದಿನ ಗೊತ್ತುಮಾಡಿಕೊಂಡು ಮನೆಯ ಸುತ್ತ ನಡೆದು ನೀರು ಚೆಲ್ಲಿ ಬನ್ನಿ. ಒಬ್ಬರೇ ಇರುವ ವಯಸ್ಸಾದವರು ಪಕ್ಕದಲ್ಲಿದ್ದರೆ ಅವರ ಅಂಗಳಕ್ಕೂ ಹೋಗಿ. ಇನ್ನೊಂದು ಮಾತು, ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇದೆ. ಒಮ್ಮೆ ಬಂದವರಿಗೆ ಬೇರೆ ಬಗೆಯದ್ದು ಮತ್ತೆ ಬರಬಹುದು, ಎರಡನೆಯ ಸಲ ಜೋರಾಗುವ ಸಂಭವವೂ ಹೆಚ್ಚು. ಜ್ವರ ಬಂದರೆ ತಡ ಮಾಡಬೇಡಿ. ವೈದ್ಯರನ್ನು ಕೇಳದೆ ಆಸ್ಪಿರಿನ್, ಐಬುಪ್ರೊಫೆನ್ ತಗೊಳ್ಳಲೇಬೇಡಿ.

ಮತ್ತೆ, ಗಂಜಿ ಈಗ ರುಚಿಸುತ್ತಿದೆಯಲ್ಲ, ಅಷ್ಟು ನನಗೆ ತುಂಬ ಖುಷಿ.

ಪ್ರಶ್ನೆ: ದಿನಾ ರಾತ್ರಿ ಮೂರು ಒಳ್ಳೆಯ ವಿಷಯ ಡೈರಿಯಲ್ಲಿ ಬರೆಯಬೇಕು ಎಂದು ಎಲ್ಲ ರೀಲ್ಸ್‌ಗಳಲ್ಲೂ ಹೇಳುತ್ತಾರೆ. ಎರಡು ವಾರ ಬರೆದೆ. ಆಮೇಲೆ ಅಮ್ಮ, ಅಪ್ಪ, ಊಟ ಎಂದು ಅದೇ ಅದೇ ಬರೆದು ಬೋರ್ ಆಯಿತು. ಇದರಲ್ಲಿ ನಿಜವಾಗಿ ಏನಾದರೂ ಇದೆಯಾ?
– ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಇದೆ, ಆದರೆ ರೀಲ್ಸ್‌ನಲ್ಲಿ ಹೇಳುವಷ್ಟು ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರುವಾಸಿ. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ವಾರಕ್ಕೊಮ್ಮೆ ತಮಗೆ ಸಿಕ್ಕ ಒಳ್ಳೆಯದನ್ನು ಬರೆದರು, ಕೆಲವರು ಕಿರಿಕಿರಿಗಳನ್ನು ಬರೆದರು, ಉಳಿದವರು ಸುಮ್ನೆ ಆ ವಾರ ನಡೆದದ್ದನ್ನು ಬರೆದರು. ಹತ್ತು ವಾರದ ಕೊನೆಗೆ ಒಳ್ಳೆಯದನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು, ವ್ಯಾಯಾಮವನ್ನೂ ಅವರು ಜಾಸ್ತಿ ಮಾಡಿದ್ದರು. ಗಮನಿಸಿ, ಅಲ್ಲಿ ಬರೆದದ್ದು ವಾರಕ್ಕೊಮ್ಮೆ. ಸೋನ್ಯಾ ಲ್ಯುಬೊಮಿರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞೆಯ ತಂಡಕ್ಕೂ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಪ್ರಯೋಜನ ಕಂಡಿತು. ದಿನಾ ಮಾಡಿದರೆ ಅದಕ್ಕೂ ಒಗ್ಗಿಹೋಗುತ್ತೇವೆ, ನಿಮಗೆ ಆದದ್ದೂ ಅದೇ.

ನೀವು ಬೇರೆ ದಾರಿ ಹಿಡಿದು ನೋಡಿ. ಇರುವುದನ್ನು ಎಣಿಸುವ ಬದಲು, ಅದು ಇಲ್ಲದೇ ಹೋಗಿದ್ದರೆ ಎಂದು ಯೋಚಿಸಿ. ಮಿನ್‌ಕ್ಯುಂಗ್ ಕೂ ಎಂಬ ಸಂಶೋಧಕಿ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಪರೀಕ್ಷಿಸಿದ್ದಾರೆ. ಒಂದು ಒಳ್ಳೆಯ ಘಟನೆ ನಡೆಯದೇ ಇರಬಹುದಿತ್ತು ಎಂದು ಯೋಚಿಸಿದವರ ಮನಸ್ಸು, ಅದು ನಡೆಯಿತಲ್ಲ ಎಂದಷ್ಟೇ ನೆನೆದವರಿಗಿಂತ ಹೆಚ್ಚು ಹಗುರವಾಗಿತ್ತು. 2020, 2021ರಲ್ಲಿ ಕೋವಿಡ್‌ನಿಂದ ವಾಸನೆ ಕಳೆದುಕೊಂಡವರನ್ನು ಕೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶಂಕರಪುರ ಮಲ್ಲಿಗೆಯ ಚೆಂಡು ಮೂಗಿನ ಹತ್ತಿರ ಹಿಡಿದರೂ ಏನೂ ಇಲ್ಲ, ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ, ಗ್ಯಾಸ್ ಸೋರಿದರೆ ಹೇಗೆ ಎಂಬ ಹೆದರಿಕೆ ಬೇರೆ. ವಾಸನೆ ತಿರುಗಿ ಬಂದಾಗ ಕಾಫಿಪುಡಿಯ ಡಬ್ಬಿ ಮುಚ್ಚಳ ತೆಗೆದು ಅತ್ತವರಿದ್ದಾರೆ.

ಬರೆಯುವುದಾದರೆ ವಾರಕ್ಕೊಮ್ಮೆ ಒಂದೇ ವಿಷಯ ಬರೆಯಿರಿ, ಆದರೆ ಬಿಡಿಸಿ ಬರೆಯಿರಿ. 'ಅಮ್ಮ' ಎಂದು ಬರೆದರೆ ಏನೂ ಆಗುವುದಿಲ್ಲ. ಪರೀಕ್ಷೆಯ ದಿನ ಅಮ್ಮ ಯಾಕೆ ನಾಲ್ಕೂವರೆಗೆ ಎದ್ದರು, ಅವರು ಏಳದಿದ್ದರೆ ಆ ದಿನ ಹೇಗಿರುತ್ತಿತ್ತು ಎಂದು ಬರೆಯಿರಿ. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನನ್ನ ಗಂಡನಿಗೆ ಎರಡು ವರ್ಷದಿಂದ ಡಯಾಲಿಸಿಸ್ ಆಗುತ್ತಿದೆ. ವಾರಕ್ಕೆ ಮೂರು ಸಲ. ಮನೆಗೆ ಬಂದವರೆಲ್ಲ 'ನಿಮಗಿಂತ ಕಷ್ಟದಲ್ಲಿ ಇರುವವರನ್ನು ನೋಡಿ, ಇಷ್ಟಾದರೂ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳಿ' ಅನ್ನುತ್ತಾರೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ. ನನ್ನಲ್ಲಿ ಏನೋ ತಪ್ಪಿದೆಯಾ?
– ಹೆಸರು ಬೇಡ, ಬಿಜೈ, ಮಂಗಳೂರು

ಉತ್ತರ: ನಿಮ್ಮಲ್ಲಿ ಯಾವ ತಪ್ಪೂ ಇಲ್ಲ, ಅಕ್ಕ. ಸಮಾಧಾನ ಎಂಬುದು ಒಬ್ಬರ ಒಳಗಿಂದ ಬರಬೇಕು. ಹೊರಗಿನವರು ಬಂದು 'ಪಟ್ಟುಕೊಳ್ಳಿ' ಅಂದರೆ ಅದು ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ. ಸಲಕ್ಕೆ ನಾಲ್ಕು ಗಂಟೆಯಷ್ಟು ಸೂಜಿ ಚುಚ್ಚಿಸಿಕೊಂಡು ಮಲಗುವವರ, ಆ ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂರುವವರ ಆಯಾಸ ಎಂಥದ್ದು ಎಂದು ಗೊತ್ತಿರುವವರು ಹಾಗೆ ಹೇಳುವುದಿಲ್ಲ. ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕೊಡಬೇಕು, ಬಾಳೆಹಣ್ಣು, ಬೊಂಡದಂಥ ಪೊಟ್ಯಾಸಿಯಂ ಇರುವ ಪದಾರ್ಥ ದೂರ ಇಡಬೇಕು. ಮನೆಯಲ್ಲಿ ಬೊಂಡದ ಮರ ಇದ್ದೂ ಕುಡಿಯುವ ಹಾಗಿಲ್ಲ. ಇದು ನಮ್ಮೂರಿನವರಿಗೆ ಸಣ್ಣ ಕಷ್ಟವಲ್ಲ.

ನಿಮಗೆ ಸುಸ್ತಾಗುವ ಹಕ್ಕಿದೆ, ಸಿಟ್ಟಾಗುವ ಹಕ್ಕೂ ಇದೆ. ವಾರದಲ್ಲಿ ಒಂದು ಹೊತ್ತಾದರೂ ನಿಮ್ಮದೇ ಅಂತ ಇಟ್ಟುಕೊಳ್ಳಿ. ಯಾರಾದರೂ 'ಏನಾದರೂ ಬೇಕಿದ್ದರೆ ಹೇಳಿ' ಅಂದರೆ ಸಂಕೋಚ ಬಿಟ್ಟು ಹೇಳಿಯೇಬಿಡಿ, 'ಗುರುವಾರ ನೀವು ಇವರ ಜೊತೆ ಕೂತುಕೊಳ್ಳಿ, ನಾನು ಮನೆಯಲ್ಲಿ ನಿದ್ದೆ ಮಾಡುತ್ತೇನೆ' ಅಂತ. ನಿಮ್ಮ ಬಿಪಿ, ಶುಗರ್ ನೋಡಿಸಿ ಎಷ್ಟು ಕಾಲವಾಯಿತು? ನೋಡಿಕೊಳ್ಳುವವರು ತಮ್ಮದನ್ನು ಕೊನೆಗೆ ಇಡುತ್ತಾರೆ, ನನಗೆ ಅದೇ ಚಿಂತೆ. ಕಿಡ್ನಿ ಬದಲಾವಣೆಗೆ ಹೆಸರು ಬರೆಸಿಲ್ಲದಿದ್ದರೆ ನಿಮ್ಮ ಡಾಕ್ಟರ ಹತ್ತಿರ ಒಮ್ಮೆ ಆ ಮಾತು ತೆಗೆಯಿರಿ. ಕರ್ನಾಟಕದಲ್ಲಿ ಅಂಗಾಂಗ ದಾನದ ವ್ಯವಸ್ಥೆಯನ್ನು 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ.

ಇದನ್ನು ಓದುವ ಉಳಿದವರಿಗೆ ಒಂದು ಮಾತು. ಕಾಯಿಲೆಯವರ ಮನೆಗೆ ಹೋದಾಗ ಬುದ್ಧಿಮಾತು ಬೇಡ. ಕೇಳಿಕೊಂಡು, ಅವರು ತಿನ್ನಬಹುದಾದ್ದನ್ನು ಮಾಡಿ ತಗೊಂಡು ಹೋಗಿ. ಬೈಕಿದ್ದರೆ ಔಷಧಿ ತಂದುಕೊಡಿ. ನಿಮ್ಮ ಎರಡು ಕಿಡ್ನಿ ಸರಿಯಿದೆ ಎಂಬ ಸಂತೋಷವನ್ನು ಆ ಮನೆಯ ಚಾವಡಿಯಲ್ಲಿ ಕೂತು ಹೇಳಬೇಕಾಗಿಲ್ಲ. ಕಿಡ್ನಿ ಹಾಳಾಗಲು ದೊಡ್ಡ ಕಾರಣಗಳು ಎರಡು, ಸಕ್ಕರೆ ಕಾಯಿಲೆ ಮತ್ತು ಬಿಪಿ. ಎರಡೂ ಸದ್ದು ಮಾಡುವುದಿಲ್ಲ. ಮೈಕೈ ನೋವಿಗೆಂದು ಮೆಡಿಕಲ್‌ನಿಂದ ತಾವೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದೂ ಕಿಡ್ನಿಗೆ ಪೆಟ್ಟು. ಈ ಮೂರನ್ನು ನೋಡಿಕೊಂಡರೆ ಕಿಡ್ನಿಯ ಋಣ ಎಷ್ಟೋ ತೀರಿಸಿದ ಹಾಗೆ.

ಪ್ರಶ್ನೆ: ನಮ್ಮ ಅಜ್ಜಿ ಯಾವಾಗಲೂ 'ನಮ್ಮ ಕಾಲದಲ್ಲಿ ರೋಗವೇ ಇರಲಿಲ್ಲ, ಈಗಿನವರು ಮಾತ್ರೆ ತಿಂದೇ ಬದುಕುವುದು' ಅನ್ನುತ್ತಾರೆ. ಹೌದಾ?
– ಕಾಪು

ಉತ್ತರ: ಅಜ್ಜಿ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಗದ್ದೆಯ ಕೆಲಸ, ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಹಿತ್ತಿಲಿನ ಬಸಳೆ, ಎಲ್ಲಿಗೆ ಹೋಗುವುದಾದರೂ ನಡೆದೇ ಹೋಗುವುದು. ಹಾಗೆ ಬದುಕಿದವರಿಗೆ ಸಕ್ಕರೆ ಕಾಯಿಲೆ ಕಡಿಮೆಯೇ ಇತ್ತು. ಅದನ್ನು ನಾವು ಕಲಿಯಲೇಬೇಕು.

ಆದರೆ ಇನ್ನರ್ಧ ನೋಡಿ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಸುಮಾರು 70. 1971ರಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ತೀರಿಕೊಳ್ಳುತ್ತಿದ್ದರು, 2020ಕ್ಕೆ ಅದು 28ಕ್ಕೆ ಇಳಿದಿತ್ತು. ಅಜ್ಜಿಯ ಹತ್ತಿರ ಮೆಲ್ಲಗೆ ಕೂತು, ನಿಮಗೆ ಎಷ್ಟು ಜನ ಒಡಹುಟ್ಟಿದವರು, ಅವರಲ್ಲಿ ಎಷ್ಟು ಜನ ದೊಡ್ಡವರಾದರು ಎಂದು ಕೇಳಿ. ಹಳೇ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ಬರುವುದಿಲ್ಲ.

ನೀವು ಕಾಪುವಿನವರು, ಮಾರಿಗುಡಿಯ ಊರಿನವರು. ಸಿಡುಬಿನಂಥ ರೋಗದಿಂದ ಊರನ್ನು ಕಾಯುವ ತಾಯಿ ಎಂದೇ ಹಿಂದಿನವರು ಮಾರಿಯಮ್ಮನನ್ನು ನಂಬಿದ್ದು. ಆ ಭಯ ಸುಮ್ಮನೆ ಬಂದದ್ದಲ್ಲ. ಸಿಡುಬು ಜೋರಾಗಿ ಬಂದರೆ ಹತ್ತರಲ್ಲಿ ಮೂವರು ಸಾಯುತ್ತಿದ್ದರು, ಬದುಕಿದವರಿಗೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಲಸಿಕೆ ಹಾಕುವವರು ಮನೆ ಮನೆ ಹತ್ತಿ ಇಳಿದು, 1975ರಲ್ಲಿ ಭಾರತದಲ್ಲಿ ಅದು ನಿಂತಿತು. 1980ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ನಮಗೆ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ. ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗದವರು ಎಷ್ಟೊಂದು ಮಂದಿ ಇದ್ದರು ಎಂದೂ ಅಜ್ಜಿಯನ್ನೇ ಕೇಳಿ, ಅವರು ಕಂಡಿರುತ್ತಾರೆ.

ಇವತ್ತು ಒಂದು ಮಗುವಿನ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತಿಲ್ಲ, ಯಾಕೆಂದರೆ ಆ ಲಸಿಕೆಯೇ ಬೇಡವಾಯಿತು. ಇಲ್ಲದ ರೋಗವನ್ನು ಯಾರೂ ನೆನೆಯುವುದಿಲ್ಲ. ಆದ್ದರಿಂದಲೇ ಈಗ ಕೆಲವು ಓದಿದ ತಂದೆ ತಾಯಿ ಕೂಡ 'ಲಸಿಕೆ ಯಾಕೆ' ಎಂದು ಕೇಳುತ್ತಿದ್ದಾರೆ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಪ್ರಶ್ನೆ: ನಮ್ಮ ಇಬ್ಬರು ಮಕ್ಕಳಿಗೆ ಎಲ್ಲವೂ ಬೆರಳ ತುದಿಯಲ್ಲಿ ಸಿಗುತ್ತದೆ. ನೀರು, ಕರೆಂಟು, ತಿಂಡಿ. ಇದರ ಬೆಲೆ ಹೇಳಿದರೆ 'ಮತ್ತೆ ಶುರುವಾಯಿತು' ಎಂದು ಎದ್ದುಹೋಗುತ್ತಾರೆ. ಹೇಗೆ ಕಲಿಸುವುದು?
– ತಂದೆ, ಕುಲಶೇಖರ, ಮಂಗಳೂರು

ಉತ್ತರ: ಹೇಳಿ ಕಲಿಸಲು ಆಗುವುದಿಲ್ಲ. ನಮ್ಮ ಹಿರಿಯರೂ ಹೇಳಿ ಕಲಿಸಲಿಲ್ಲ, ಮಾಡಿಸಿ ಕಲಿಸಿದರು. ದೀಪಾವಳಿಯ ಹಿಂದಿನ ರಾತ್ರಿ ಹಂಡೆ ತಿಕ್ಕಿ ತೊಳೆದು, ಹೂವು ಬಳ್ಳಿ ಕಟ್ಟಿ, ಬಾವಿಯಿಂದ ನೀರು ಸೇದಿ ತುಂಬಿಸುತ್ತಾರೆ. ವರ್ಷಪೂರ್ತಿ ಸೇದುವ ನೀರಿಗೇ ಆ ಒಂದು ದಿನ ಮರ್ಯಾದೆ. ಹೊಸ ತೆನೆ ಬಂದಾಗ ಅದನ್ನು ದೇವರ ಮುಂದೆ ಇಟ್ಟು, ಬಾಗಿಲಿಗೆ, ತುಳಸಿಕಟ್ಟೆಗೆ, ಬಾವಿಗೆ, ನೇಗಿಲಿಗೆ ಕಟ್ಟಿ, ಮನೆಯವರೆಲ್ಲ ಕೂತು ಹೊಸ ಅಕ್ಕಿ ಊಟ ಮಾಡುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ, ಮೇರಿ ಮಾತೆಯ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ಗೆ ಮಕ್ಕಳು ಹೂವು ಹಿಡಿದು ಹೋಗಿ, ಆಶೀರ್ವಾದ ಮಾಡಿಸಿದ ತೆನೆ ತಂದು, ಆ ದಿನ ಎಲ್ಲರೂ ಸಸ್ಯಾಹಾರ ಉಣ್ಣುತ್ತಾರೆ. ಕೆಡ್ಡಸ ಹಬ್ಬಕ್ಕೆ ಮೂರು ದಿನ ಭೂಮಿಯನ್ನು ಅಗೆಯುವ ಹಾಗಿಲ್ಲ, ಭೂಮಿತಾಯಿಗೆ ವಿಶ್ರಾಂತಿ. ಇಷ್ಟೊಂದು ಏರ್ಪಾಡು ನಮ್ಮ ತುಳುನಾಡಿನಲ್ಲಿ ಇದೆ. ನಿತ್ಯ ಕಾಣುವುದನ್ನು ಮನಸ್ಸು ಮರೆಯುತ್ತದೆ ಎಂದು ತಿಳಿದೇ ಹಿರಿಯರು ಒಂದೊಂದಕ್ಕೆ ಒಂದೊಂದು ದಿನ ಇಟ್ಟರು ಎಂದು ನನಗೆ ಅನಿಸುತ್ತದೆ. ಮಕ್ಕಳನ್ನು ಫೋಟೋಗೆ ನಿಲ್ಲಿಸಬೇಡಿ, ಹಂಡೆ ತಿಕ್ಕಲು ಕೊಡಿ.

ಊರಿನ ಮನೆಯಲ್ಲಿ ಬಾವಿ ಇದ್ದರೆ ರಜೆಯಲ್ಲಿ ಒಂದು ದಿನ ಪಂಪ್ ಹಾಕದೆ, ಸ್ನಾನಕ್ಕೆ ಬೇಕಾದ ನೀರನ್ನು ಅವರೇ ಕೊಡಪಾನದಲ್ಲಿ ಸೇದಲಿ, ದೊಡ್ಡವರು ಪಕ್ಕದಲ್ಲಿ ನಿಂತಿರಿ. ಇನ್ನೊಂದು ದಿನ ತುಂಬೆಗೆ ಕರೆದುಕೊಂಡು ಹೋಗಿ ನೇತ್ರಾವತಿಯ ಅಣೆಕಟ್ಟು ತೋರಿಸಿ. ನಿಮ್ಮ ನಲ್ಲಿಗೆ ನೀರು ಬರುವುದು ಅಲ್ಲಿಂದ. 2019ರ ಮೇ ತಿಂಗಳು ನಿಮಗೆ ನೆನಪಿರಬಹುದು. ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಮಂಗಳೂರಿಗೆ ನೀರನ್ನು ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ ಹಾಗಾಯಿತು, ಅತ್ತ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟೂ ಒಣಗಿತು. ಆಗ ಬಕೆಟ್ ಹಿಡಿದು ಟ್ಯಾಂಕರಿಗೆ ಕಾದ ಕಥೆಯನ್ನು ಅಲ್ಲೇ ನದಿ ದಂಡೆಯಲ್ಲಿ ನಿಂತು ಹೇಳಿ. ಮಕ್ಕಳು ಕಥೆಗೆ ಎದ್ದುಹೋಗುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಎದ್ದು ಅಂಗೈ ನೋಡಿ ಶ್ಲೋಕ ಹೇಳುತ್ತೇನೆ. ನನಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಬೇರೆ ಏನಾದರೂ ಮಾಡಬೇಕಾ?
– ನಿವೃತ್ತ ಶಿಕ್ಷಕರು, ಅಂಬಲಪಾಡಿ

ಉತ್ತರ: ತುಂಬ ಒಳ್ಳೆಯ ಅಭ್ಯಾಸ, ಮೇಷ್ಟ್ರೇ, ಬಿಡಬೇಡಿ. ಅಂಗೈ ನೋಡಿದ ಮೇಲೆ ಅಂಗಾಲನ್ನೂ ನೋಡಿ. ಬೆರಳ ಸಂದಿ, ಹಿಮ್ಮಡಿ, ಉಗುರಿನ ಬದಿ. ಬಗ್ಗಲು ಕಷ್ಟವಾದರೆ ನೆಲದಲ್ಲಿ ಕನ್ನಡಿ ಇಟ್ಟುಕೊಳ್ಳಿ. ಹಳೇ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಮುಳ್ಳು ಹೊಕ್ಕರೂ ನೋಯುವುದಿಲ್ಲ, ಗಾಯ ಒಳಗೊಳಗೇ ದೊಡ್ಡದಾಗುತ್ತದೆ. ದೇವಸ್ಥಾನಕ್ಕೆ ಹೋಗುವಾಗ ಬಿಸಿಲಿನ ಹೊತ್ತು ತಪ್ಪಿಸಿ, ಸುಟ್ಟ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬೇಡ. ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗದ ಪರೀಕ್ಷೆಯೂ ಆಗಲಿ.

ಪ್ರಶ್ನೆ: ನನಗೆ 38. ಒಂದು ದಿನವೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ದೇವರು ದೊಡ್ಡವನು. ಸುಮ್ನೆ ಟೆಸ್ಟ್ ಮಾಡಿಸಿ ಇಲ್ಲದ ರೋಗ ಯಾಕೆ ಹುಡುಕಬೇಕು ಎಂದು ಹೆಂಡತಿಗೆ ಹೇಳುತ್ತೇನೆ. ನೀವೇನು ಹೇಳುತ್ತೀರಿ?
– ಅಂಗಡಿ ವ್ಯಾಪಾರಿ, ಮೂಡುಬಿದಿರೆ

ಉತ್ತರ: ನಾನು ನಿಮ್ಮ ಹೆಂಡತಿಯ ಪಕ್ಷ. 38 ವರ್ಷ ಆಸ್ಪತ್ರೆಗೆ ಹೋಗದೆ ಇದ್ದದ್ದು ದೊಡ್ಡ ಭಾಗ್ಯ, ಅದನ್ನು ಕಾಪಾಡಿಕೊಳ್ಳಿ ಎಂದೇ ಅವರು ಹೇಳುತ್ತಿರುವುದು. ಬಿಪಿ ವರ್ಷಗಟ್ಟಲೆ ಏರಿದ್ದರೂ ತಲೆನೋವು ಕೂಡ ಬರದೆ ಇರಬಹುದು. ದುಬಾರಿ ಪ್ಯಾಕೇಜ್ ಏನೂ ಬೇಡ. 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಮಾಡುತ್ತಾರೆ. ಬೀಡ, ಗುಟ್ಕಾ ಅಭ್ಯಾಸ ಇದ್ದರೆ ಬಾಯಿಯದ್ದು ತಪ್ಪಿಸಲೇಬೇಡಿ. ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಹೆಚ್ಚು ಬಂದರೆ ಗಾಬರಿ ಬೇಡ. ಇನ್ನೊಂದು ದಿನ ಮತ್ತೆ ನೋಡಿಸಿ, ಆಗಲೂ ಅಷ್ಟೇ ಇದ್ದರೆ ಡಾಕ್ಟರನ್ನು ಕಾಣಿ. ಸರಿಯಿದ್ದರೆ ಚೀಟಿಯನ್ನು ತಂದು ಹೆಂಡತಿಯ ಕೈಗೆ ಕೊಡಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಇಬ್ಬರದ್ದೂ ಒಂದೇ ದಿನ ಮುಗಿಯುತ್ತದೆ.